ಕಿಟಕಿ ಕಡೆಯ ಕೊಂಬೆ

ಹೆರಿಗೆಯಾಗುವ ತನಕ ಮಗಳು ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ ಸುದ್ದಿ ಕಿವಿಗೆ ಬಿದ್ದ ದಿನವೇ ಕಂಡಕ್ಟರಮ್ಮ ಡಿಪೋಗೆ ಹೋಗಿ, ವರ್ಷಗಳಿಂದ ತೆಗೆದುಕೊಳ್ಳದೆ ಉಳಿಸಿದ್ದ ರಜೆಯನ್ನೆಲ್ಲ ಒಟ್ಟಿಗೆ ಕೇಳಿ ಪಡೆದು, ಒಂದು ಚೀಲ ಹೆಗಲಿಗೇರಿಸಿಕೊಂಡು ಅಳಿಯನ ಮನೆಗೆ ಬಂದಿಳಿದಳು. ಅವಳು ಸಿಟಿ ಬಸ್ಸಿನ ಕಂಡಕ್ಟರು. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ; ಗಂಡ ಹೋದ ಮೇಲೂ ಅದೇ ಅವಳನ್ನೂ ಮಗಳನ್ನೂ ಸಾಕಿತ್ತು. ಓಡುವ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆದೂ ನಡೆದೂ ಅವಳಿಗೆ ಒಂದು ಕಡೆ ಕೂರುವುದೇ ಮರೆತುಹೋಗಿತ್ತು. ಊಟವನ್ನೂ ನಿಂತೇ ಮಾಡುತ್ತಿದ್ದಳು. "ನಮ್ಮ ಕಂಡಕ್ಟರಮ್ಮ ಮಲಗೋದೂ ಕಂಬಿ ಹಿಡ್ಕೊಂಡೇ" ಎಂದು ಡಿಪೋದವರು ನಗುತ್ತಿದ್ದರು.

ಅಂಥವಳು ಬಂದು ಸೇರಿದ್ದು ತನಗೆ ಏನೂ ಕೆಲಸವಿಲ್ಲದ ಮನೆಗೆ. ಅಡುಗೆಮನೆ ಬೀಗತಿಯ ವಶದಲ್ಲಿತ್ತು. ಅಳಿಯನ ತಾಯಿಯಾದ ಈ ಬೀಗತಿ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಆಡುವ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸಿ ಬಂದವರ ಹಾಗೆ ಮನೆಯಲ್ಲಿ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಬೆಳಗ್ಗೆ ಎದ್ದು ಅಡುಗೆ ಮುಗಿಸಿ, ಪಾತ್ರೆ ಬೋರಲು ಹಾಕಿ, ಅಂಗಳದಲ್ಲಿರುವ ನಿಂಬೆ ಗಿಡಕ್ಕೆ ಎರಡು ಚೊಂಬು ನೀರು ಹಾಕಿ ಬಂದು ಕುರ್ಚಿಯಲ್ಲಿ ಕೂತರೆಂದರೆ ಮುಗಿಯಿತು, ಕುರ್ಚಿಯೂ ಅವರೂ ಒಂದೇ. ಬೀಗತಿ ತೊಳೆದಿಟ್ಟ ಪಾತ್ರೆಯನ್ನೇ ಕಂಡಕ್ಟರಮ್ಮ ಮತ್ತೆ ತೊಳೆಯುತ್ತಿದ್ದಳು. ಮಡಿಸಿಟ್ಟ ಬಟ್ಟೆ ಬಿಚ್ಚಿ ಮಡಿಸುತ್ತಿದ್ದಳು. ಮಗಳ ದಿಂಬು ಸರಿಮಾಡಿ, ಕಿಟಕಿಯ ಪರದೆ ಎಳೆದು, ಮತ್ತೆ ಸರಿಸಿ, ನೀರು ತಂದಿಟ್ಟು, ಕುಡಿದೆಯಾ ಎಂದು ಕೇಳಿ, ಲೋಟ ಖಾಲಿಯಾಗುವ ಮೊದಲೇ ತುಂಬಿಸುತ್ತಿದ್ದಳು.

"ಅಮ್ಮ, ಒಂದು ಕಡೆ ಕೂತ್ಕೋ. ನಿನ್ನ ನೋಡಿ ನೋಡಿ ನಂಗೇ ಕಾಲು ನೋಯ್ತಿದೆ" ಎನ್ನುತ್ತಿದ್ದಳು ಮಗಳು.

"ಕೂತೇ ಇದೀನಲ್ಲ" ಎಂದು ಮಂಚದ ಅಂಚಿಗೆ ಒರಗಿ, ಮರುಗಳಿಗೆಯಲ್ಲೇ ಎದ್ದು ಫ್ಯಾನಿನ ಧೂಳು ನೋಡುತ್ತಿದ್ದಳು.

ಒಳಗೆ ಕುದಿಯುತ್ತಿದ್ದುದು ಬೇರೆ. ಹೋದ ವರ್ಷ ಮಗಳಿಗೆ ಮೂರನೇ ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗಿತ್ತು. ಆ ಸುದ್ದಿ ಹೆತ್ತ ತಾಯಿಗೆ ಮುಟ್ಟಿದ್ದು ಮಗಳು ಆಸ್ಪತ್ರೆಯಿಂದ ಮನೆಗೆ ಬಂದು, ಎದ್ದು ಓಡಾಡತೊಡಗಿದ ಮೇಲೆ. ಯಾಕೆ ತಿಳಿಸಲಿಲ್ಲ ಎಂದು ಕೇಳಿದ್ದಕ್ಕೆ ಬೀಗತಿ, "ನಿಮಗೆ ಗಾಬರಿ ಆಗೋದು ಬೇಡ ಅಂತ" ಎಂದಷ್ಟೇ ಅಂದು ಸುಮ್ಮನಾಗಿದ್ದರು. ಲೋಕದವರ ಮಾತನ್ನೆಲ್ಲ ತಂತಿ ಜೋಡಿಸಿ ದಾಟಿಸಿದ ಹೆಂಗಸು, ತನಗೊಂದು ಫೋನ್ ಮಾಡಲಿಲ್ಲವಲ್ಲ ಎಂಬುದು ಕಂಡಕ್ಟರಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಉಗುಳಲಿಲ್ಲ, ನುಂಗಲಿಲ್ಲ. ಎದುರಿಗೆ "ಕಾಫಿ ಆಯ್ತಾ, ಸ್ನಾನ ಆಯ್ತಾ" ಎಂಬ ಮಾತು ಮಾತ್ರ ನಡೆಯುತ್ತಿತ್ತು.

ಮಗಳ ಮಂಚ ಕಿಟಕಿಗೆ ತಾಗಿತ್ತು. ಕಿಟಕಿಯಾಚೆ ಮನೆಗೂ ಕಾಂಪೌಂಡಿಗೂ ನಡುವೆ ಉದ್ದನೆಯ ಒಂದು ತುಂಡು ನೆಲ, ಅದೇ ಆ ಮನೆಯ ಅಂಗಳ. ಅಳಿಯ ಎಸಿ ಮೆಕ್ಯಾನಿಕ್. ಕೆಟ್ಟ ಎಸಿಗಳ ತಗಡು, ಫ್ಯಾನಿನ ರೆಕ್ಕೆ, ಸುತ್ತಿಟ್ಟ ತಾಮ್ರದ ಪೈಪು ಎಲ್ಲವೂ ಅಲ್ಲಿ ಬಿದ್ದಿರುತ್ತಿದ್ದವು. ಆ ರಾಶಿಯ ಪಕ್ಕ ಬೀಗತಿಯ ನಿಂಬೆ ಗಿಡ. ಅದರ ಒಂದು ಕೊಂಬೆ ಕಿಟಕಿಯ ಸರಳಿನವರೆಗೂ ಚಾಚಿತ್ತು. ದಿನವಿಡೀ ಮಗಳು ನೋಡಬೇಕಾದದ್ದು ಇಷ್ಟನ್ನೇ. ಅವಳು ಮೊಬೈಲು ನೋಡುತ್ತಿದ್ದಳು, ಕಣ್ಣು ನೋಯಿಸಿಕೊಂಡು ಕೆಳಗಿಡುತ್ತಿದ್ದಳು, ಸೂರು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲಿಂದಲೋ ದಾರಿ ತಪ್ಪಿದ ಹಳದಿ ಚಿಟ್ಟೆಯೊಂದು ಕಿಟಕಿಯ ಮುಂದೆ ಹಾದುಹೋಯಿತು. ಹೆಚ್ಚೇನಿಲ್ಲ, ತಗಡಿನ ಮೇಲೆ ಕೂತಂತೆ ಮಾಡಿ, ಬಿಸಿ ತಾಗಿತೇನೋ, ಎದ್ದು ಹೋಯಿತು. ಮಗಳು ಮೊಣಕೈ ಊರಿ ಅದು ಹೋದ ಕಡೆಯೇ ನೋಡುತ್ತ ಉಳಿದಳು. ಅದು ಮತ್ತೆ ಬರುತ್ತದೋ ಎಂದು ಸಂಜೆಯ ತನಕ ಮೊಬೈಲು ಮುಟ್ಟಲಿಲ್ಲ.

ಕಂಡಕ್ಟರಮ್ಮನಿಗೆ ಅಷ್ಟೇ ಸಾಕಾಯಿತು. ಮರುದಿನ ಬೆಳಗಾಗುತ್ತಲೇ ತಗಡಿನ ರಾಶಿಗೆ ಕೈಹಾಕಿದಳು.

"ಅತ್ತೆ, ಅದು ಕಸ ಅಲ್ಲ, ಸಾಮಾನು" ಎಂದ ಅಳಿಯ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು.

"ಸಾಮಾನಾದ್ರೆ ಮೇಲೆ ಮಾಳಿಗೆಗೆ ಹೋಗ್ಲಿ. ಅಲ್ಲೂ ಅದಕ್ಕೆ ಗಾಳಿ ಸಿಗುತ್ತೆ."

ಅಳಿಯ ತಾಯಿಯ ಕಡೆ ನೋಡಿದ. ತಾಯಿ ಕುರ್ಚಿಯಲ್ಲೇ ಕಾಲು ಮಡಿಸಿ ದಾರಿ ಬಿಟ್ಟುಕೊಟ್ಟರು. ಅವನು ಉಗುಳಿ ಬಂದು, ಅತ್ತೆಯೊಂದಿಗೆ ತಗಡು ಹೊತ್ತ.

ನರ್ಸರಿಗೆ ಹೋದ ಕಂಡಕ್ಟರಮ್ಮ ಕಣ್ಣಿಗೆ ಹೊಡೆಯುವ ಹೂವನ್ನೆಲ್ಲ ಆರಿಸಿದಳು. ಮುಷ್ಟಿ ಗಾತ್ರದ ದುಂಡು ಚೆಂಡುಹೂವು, ಪದರದ ಮೇಲೆ ಪದರವಿದ್ದ ಕೆಂಪು ದಾಸವಾಳ, ಕಸಿ ಗುಲಾಬಿ, ಬೇಲಿಗೆ ಕಾಗದದ ಹೂವು, ಹೆಸರೇ ಗೊತ್ತಿಲ್ಲದ ನೀಲಿಯದೊಂದು. ಆಟೋ ತುಂಬ ಹೂವು ಹೇರಿಕೊಂಡು ಬಂದು, ನೆಲ ಅಗೆದು, ಕಲ್ಲು ಆರಿಸಿ, ಗೊಬ್ಬರ ಹಾಕಿ ನೆಟ್ಟಳು. ಸಂಜೆಗೆ ಕಿಟಕಿಯಾಚೆ ಜಾತ್ರೆಯ ಅಂಗಡಿ ತೆರೆದಂತಿತ್ತು. ಮಗಳು "ಅಬ್ಬಾ!" ಎಂದಳು. ಕಂಡಕ್ಟರಮ್ಮನ ಜೀವ ತಣ್ಣಗಾಯಿತು.

ತಣ್ಣಗಾದದ್ದು ಬಹಳ ಹೊತ್ತು ಉಳಿಯಲಿಲ್ಲ. ಒಂದು ದಿನ ಕಳೆಯಿತು, ಎರಡಾಯಿತು, ವಾರವಾಯಿತು. ಹೂವು ತಮ್ಮ ಪಾಡಿಗೆ ಅರಳಿ ನಿಂತವು. ಒಂದೇ ಒಂದು ಚಿಟ್ಟೆ ಬರಲಿಲ್ಲ. ನೊಣ ಕೂಡ ಬರಲಿಲ್ಲ.

"ಬಸ್ಸು ಚೆನ್ನಾಗಿದೆ ಅಮ್ಮ. ಆದ್ರೆ ಖಾಲಿ ಓಡ್ತಿದೆ" ಎಂದಳು ಮಗಳು.

ಅವಳು ತಮಾಷೆಗೆ ಅಂದದ್ದು. ತಾಯಿಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. ಖಾಲಿ ಬಸ್ಸೆಂದರೆ ಅವಳಿಗೆ ಆಗುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು. ಅಂದಿನಿಂದ ದಿನಾ ಬಿಸಿಲೇರುವ ಹೊತ್ತಿಗೆ ಬೀದಿ ಬೀದಿ ತಿರುಗುವುದೇ ಕೆಲಸವಾಯಿತು. ಚಿಟ್ಟೆ ಕಂಡರೆ ಅದರ ಹಿಂದೆ ನಡೆಯುವುದು, ಜೇನ್ನೊಣ ಕಂಡರೆ ಅದು ಎಲ್ಲಿ ಇಳಿಯುತ್ತದೆಂದು ನೋಡುವುದು. ಹಿಟ್ಟಿನ ಗಿರಣಿಯ ಹಿಂದೆ ಮೋರಿಯ ಪಕ್ಕ ಯಾರೂ ಬಿತ್ತದ ಕಾಡುಗಿಡದ ಸಣ್ಣ ಹೂವಿನ ಮೇಲೆ ಬಿಳಿ ಚಿಟ್ಟೆಗಳು ಸಂತೆ ಕಟ್ಟಿದ್ದವು. ಇಸ್ತ್ರಿ ಅಂಗಡಿಯವನು ಒಡೆದ ಬಕೆಟ್ಟಿನಲ್ಲಿ ಬೆಳೆಸಿದ್ದ ಕಾಮಕಸ್ತೂರಿ ತೆನೆ ಬಿಟ್ಟಿತ್ತು. ಅದರ ಸುತ್ತ ಜೇನ್ನೊಣಗಳ ಗುಂಯ್ ಗುಂಯ್. ಬಡಾವಣೆಯ ತುದಿಯ ತರಕಾರಿ ತೋಟದಲ್ಲಿ, ಬಲಿತು ಹೂವಾದ್ದರಿಂದ ಯಾರಿಗೂ ಬೇಡವಾದ ಕೊತ್ತಂಬರಿ, ಸಬ್ಬಸಿಗೆಯ ಮೇಲೆ ಎಂತೆಂಥದೋ ಹುಳುಗಳು. ಬ್ಯಾಂಕಿನ ಕಾಂಪೌಂಡಿನಲ್ಲಿ ಒಂದೇ ಸುತ್ತು ಎಸಳಿನ ಕಾಸ್ಮಾಸ್, ಝಿನಿಯಾ. ಅವುಗಳ ಮೇಲೆ ಅಗಲ ರೆಕ್ಕೆಯ ದೊಡ್ಡ ಚಿಟ್ಟೆಗಳು.

ಬ್ಯಾಂಕಿನ ಬೇಲಿಯೊಳಗೆ ಕೈತೂರಿಸಿ ಒಣಗಿದ ಹೂವೊಂದನ್ನು ಬೀಜಕ್ಕೆಂದು ಕಿತ್ತಾಗ ವಾಚ್‌ಮನ್ ಕೂಗಿದ.

"ಏನಮ್ಮಾ ಅದು? ಬ್ಯಾಂಕಿಗೇ ಕನ್ನ ಹಾಕ್ತಿದೀರಾ?"

"ಒಣಗಿದ್ದು ಕಣಪ್ಪ, ಚಿಲ್ಲರೆ. ನೋಟು ಮುಟ್ಟಿಲ್ಲ" ಎಂದಳು. ಅವನು ನಕ್ಕು, ಬೇಲಿಯೊಳಗಿಂದ ತಾನೇ ಇನ್ನೊಂದು ಹಿಡಿ ಕಿತ್ತು ಕೊಟ್ಟ.

ಮನೆಗೆ ಬಂದು ತನ್ನ ದುಂಡು ಚೆಂಡುಹೂವೊಂದನ್ನು ಕಿತ್ತು, ಮಗಳ ಮುಂದೆ ಎಸಳೆಸಳು ಬಿಡಿಸಿದಳು. ಎಸಳ ಹಿಂದೆ ಎಸಳು, ಅದರ ಹಿಂದೆ ಮತ್ತೆ ಎಸಳು.

"ನೋಡು, ಒಳಗೆ ಕಾಲಿಡೋಕೆ ಜಾಗ ಇಲ್ಲ. ಫುಟ್‌ಬೋರ್ಡ್ ತನಕ ಎಸಳೇ ನಿಂತಿದೆ. ಹತ್ತೋರು ಎಲ್ಲಿಂದ ಹತ್ತಬೇಕು?"

ಮಗಳು ಬಹಳ ದಿನದ ಮೇಲೆ ಬಾಯಿತುಂಬ ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡು, ನಗಿಸಬೇಡ ಎಂದು ಬೈದಳು.

ಅಂಗಳದ ಹೂವು ಬದಲಾಯಿತು. ಗುಲಾಬಿ, ದಾಸವಾಳ, ಚೆಂಡುಹೂವು ಎಲ್ಲ ಪಕ್ಕದ ಮನೆಗೆ ಹೋದವು. ನರ್ಸರಿಯಿಂದ ಒಂಟಿ ಎಸಳಿನ ಝಿನಿಯಾ, ಕಾಸ್ಮಾಸ್ ಬಂದವು. ತರಕಾರಿ ತೋಟದವಳು ಹೂಬಿಟ್ಟ ಸಬ್ಬಸಿಗೆಯನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು ಕೊಟ್ಟಳು. ಅರ್ಧ ಬಾಡಿದವು, ಅರ್ಧ ಬದುಕಿದವು. ಇಸ್ತ್ರಿಯವನ ತೆನೆ ಬಿಟ್ಟ ಕಾಮಕಸ್ತೂರಿ ಗಿಡಗಳೂ ಬಂದವು. ನೀಲಿ ಹೂವಿನದೊಂದನ್ನು ಮಾತ್ರ ಚೆಂದಕ್ಕೆಂದು ಉಳಿಸಿದಳು. ಹೊಸ ಗಿಡ ನೆಲ ಹಿಡಿಯುವ ಮೊದಲೇ ಒಂದು ಬೆಳಗ್ಗೆ ಮೊದಲ ಗಿರಾಕಿ ಬಂತು. ಚಿಟ್ಟೆಯಲ್ಲ, ಜೇನ್ನೊಣ. ಅದು ಹೋಗಿ ನೆಂಟರಿಷ್ಟರಿಗೆಲ್ಲ ಹೇಳಿತೋ ಏನೋ, ಮಧ್ಯಾಹ್ನದ ಹೊತ್ತಿಗೆ ಕಾಮಕಸ್ತೂರಿಯ ಮೇಲೆ ಹಿಂಡು ಸೇರಿತು. ಚಿಟ್ಟೆಗಳು ಬಂದದ್ದು ಆಮೇಲೆ.

ಜೇನ್ನೊಣ ಕಂಡು ಅಳಿಯನ ಮುಖ ಬಿಳಿಚಿತು. ಒಮ್ಮೆ ಯಾರದೋ ಮನೆಯ ಎಸಿ ಬಿಚ್ಚಿದಾಗ ಒಳಗೆ ಗೂಡು ಕಟ್ಟಿದ್ದ ಕಣಜಗಳು ಅವನ ಮುಖವನ್ನು ಗುರುತು ಸಿಗದಂತೆ ಊದಿಸಿದ್ದವು. ಅಂದಿನಿಂದ ರೆಕ್ಕೆಯ ಸದ್ದು ಕೇಳಿದರೆ ಸಾಕು, ಕೈ ತಂತಾನೇ ಮುಖಕ್ಕೆ ಹೋಗುತ್ತಿತ್ತು.

"ಅತ್ತೆ, ಚಿಟ್ಟೆಗೆ ಅಂತ ತಾನೆ ನೀವು ಹೇಳಿದ್ದು?"

"ನಾನೇನು ಚಿಟ್ಟೆಗಳಿಗೆ ಮಾತ್ರ ಅಂತ ಬೋರ್ಡು ಹಾಕಿದೀನಾ ಅಳಿಯಂದ್ರೇ? ಸ್ಟಾಪ್ ಅಂದ್ಮೇಲೆ ಯಾರು ಬೇಕಾದ್ರೂ ನಿಲ್ತಾರೆ."

"ಅವಳು ಮಲಗಿರೋ ಕಡೆ ನುಗ್ಗಿದ್ರೆ?"

ಕಂಡಕ್ಟರಮ್ಮ ಆಗಲೇ ಗುದ್ದಲಿ ತಂದಳು. ಕಾಮಕಸ್ತೂರಿ, ಸಬ್ಬಸಿಗೆಯನ್ನೆಲ್ಲ ಕಿತ್ತು ದೂರದ ಗೋಡೆಗೆ ಒತ್ತರಿಸಿ ನೆಟ್ಟಳು. ಕಿಟಕಿಯ ಹತ್ತಿರ ಝಿನಿಯಾ, ಕಾಸ್ಮಾಸ್ ಮಾತ್ರ. ಅಳಿಯ ಕಿಟಕಿಗೆ ತೆಳು ಬಲೆ ಹೊಡೆದ. ಬೀಗತಿ ಕುರ್ಚಿಯಿಂದಲೇ ನೋಡುತ್ತ, "ಗಿಡಕ್ಕೂ ಒಂದು ಕಡೆ ಇರೋಕೆ ಬಿಡಲ್ಲ" ಎಂದರು. ಅದು ಅವರು ಆ ವಾರ ಆಡಿದ ಅತಿ ಉದ್ದದ ಮಾತು. ಕಂಡಕ್ಟರಮ್ಮನಿಗೆ ಅದು ಸೂಜಿಯಂತೆ ಚುಚ್ಚಿತು.

ಈಗ ಮಗಳಿಗೆ ಹೊತ್ತು ಹೋಗುತ್ತಿತ್ತು. ಯಾವ ಚಿಟ್ಟೆ ಯಾವ ಹೂವಿಗೆ ಬರುತ್ತದೆ, ಯಾವುದು ಯಾವುದನ್ನು ಓಡಿಸುತ್ತದೆ, ಮೋಡ ಕವಿದಾಗ ಯಾಕೆ ಒಂದೂ ಕಾಣುವುದಿಲ್ಲ ಎಂದು ಸಂಜೆ ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು. ಯಾರಿಗೂ ಹೇಳದ ವಿಷಯವೊಂದು ಮಾತ್ರ ಅವಳಲ್ಲಿತ್ತು. ಕಪ್ಪು ಹಳದಿ ಚುಕ್ಕೆಯ ಒಂದು ದೊಡ್ಡ ಚಿಟ್ಟೆ ಹೂವನ್ನು ಬಿಟ್ಟು ನಿಂಬೆಯ ಕೊಂಬೆಗೆ ಬಂದಿತ್ತು. ಕುಡಿಯಲು ಏನೂ ಇಲ್ಲದ ಎಳೆ ಎಲೆಯನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ಹೋಗಿತ್ತು. ಕೆಲವು ದಿನದ ಮೇಲೆ, ಅದಿಟ್ಟ ಮೊಟ್ಟೆಯೊಡೆದು, ಆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂಥ ಪುಟ್ಟ ಹುಳುಗಳು ಕಂಡವು. ಅವು ಎಲೆ ತಿಂದು ತಿಂದು ದಪ್ಪಗಾಗಿ, ಒಂದು ದಿನ ಹಳೇ ಅಂಗಿ ಕಳಚಿ ಹಸಿರಾದವು. ಕೊಂಬೆ ಕಿಟಕಿಗೆ ಅಷ್ಟು ಹತ್ತಿರವಿತ್ತು. ಮಗಳು ತಲೆ ಎತ್ತದೆಯೇ ಅವು ಎಲೆಯ ಅಂಚನ್ನು ಕರಕರ ಮುಗಿಸುವುದನ್ನು ನೋಡಬಹುದಿತ್ತು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಅವಳು ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಅಲುಗಿತೇ ಎಂದು ಕಾಯುತ್ತಿದ್ದಳು. ಆಮೇಲೆ ಕೊಂಬೆಯ ಕಡೆ ತಿರುಗಿ, ಎಲ್ಲ ಇದ್ದಾವೆಯೇ ಎಂದು ನೋಡುತ್ತಿದ್ದಳು.

ಬೀಗತಿಗೆ ಆ ನಿಂಬೆ ಗಿಡವೆಂದರೆ ಪ್ರಾಣ. ಗಂಡ ಬದುಕಿದ್ದಾಗ ತಂದು ನೆಟ್ಟದ್ದು. ಎಲೆ ತೂತಾಗಿರುವುದು ಕಣ್ಣಿಗೆ ಬಿದ್ದ ದಿನ ಬೆಳಗ್ಗೆ ಅವರು ಸೋಪಿನ ನೀರಿನ ಬಕೆಟ್ಟು, ಒಂದು ಕಡ್ಡಿ ಹಿಡಿದು ಅಂಗಳಕ್ಕಿಳಿದರು. ಎಂದಿನ ನಿಧಾನದಲ್ಲೇ, ಕೊಂಬೆಯಿಂದ ಕೊಂಬೆಗೆ, ಒಂದೊಂದೇ ಹುಳುವನ್ನು ಕಡ್ಡಿಯಿಂದ ಬಕೆಟ್ಟಿಗೆ ಉದುರಿಸುತ್ತ ಕಿಟಕಿಯ ಹತ್ತಿರ ಬಂದರು.

"ಅತ್ತೆ, ಬೇಡ" ಎಂದಳು ಮಗಳು. ನಿದ್ದೆಗಣ್ಣು, ದನಿ ಬಲೆಯಾಚೆಗೆ ಹೋಗಲಿಲ್ಲ. "ಅತ್ತೆ, ಅದು ಬೇಡ!" ಎಂದು ಎರಡನೇ ಸಲ ಕೂಗುವಷ್ಟರಲ್ಲಿ ಕೊಂಬೆ ಖಾಲಿಯಾಗಿತ್ತು. ಅವಳು ದಿಂಬಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅಳತೊಡಗಿದಳು.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಕಂಡಕ್ಟರಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. ಮಗಳಿಗೆ ನೋವು ಬಂತೆಂದೇ ಅವಳ ಎದೆ ಹಾರಿತ್ತು. ಹುಳುವಿನ ಕತೆ ಬಿಕ್ಕಳಿಕೆಯ ನಡುವೆ ತುಂಡುತುಂಡಾಗಿ ತಿಳಿದ ಕೂಡಲೇ ಆ ಹೆದರಿಕೆಯೆಲ್ಲ ಬೆಂಕಿಯಾಯಿತು. ಅಂಗಳಕ್ಕೆ ನುಗ್ಗಿದಳು.

"ಅದೇನು ಕೈ ನಿಮ್ಮದು? ಈ ಮನೇಲಿ ಒಂದು ಜೀವ ಬೆಳೆಯೋಕೆ ಬಿಡಲ್ವ ನೀವು?"

ಬೀಗತಿ ಕಡ್ಡಿ ಹಿಡಿದೇ ತಿರುಗಿದರು. "ಗಿಡ ತಿಂತಿತ್ತು" ಎಂದರು.

"ತಿನ್ನಲಿ! ಹೋದ ವರ್ಷನೂ ಹೀಗೇ ಮಾಡಿದ್ರಿ. ಊರಿಗೆಲ್ಲ ಫೋನ್ ಜೋಡಿಸಿದೋರು. ನನ್ನ ಮಗಳು ಅಲ್ಲಿ ಒಬ್ಬಳೇ ನರಳ್ತಾ ಬಿದ್ದಿದ್ರೆ, ಹೆತ್ತೋಳಿಗೆ ಒಂದು ಫೋನ್ ಮಾಡೋಕೆ ನಿಮಗೆ ಬೆರಳು ಬರಲಿಲ್ಲ! ಇನ್ನೊಬ್ಬರ ಸಂಕಟ ನಿಮಗೆ ಯಾವತ್ತಾದ್ರೂ ಕೇಳಿಸಿದೆಯಾ?"

ಬೀಗತಿ ಕಡ್ಡಿಯನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟರು.

"ಅಮ್ಮ!" ಕಿಟಕಿಯ ಬಲೆಯ ಹಿಂದೆ ಮಗಳು ಎದ್ದು ಕೂತಿದ್ದಳು. ಏಳಬಾರದು ಎಂದು ಹೇಳಿದ್ದರೂ ಎದ್ದು, ಸರಳು ಹಿಡಿದಿದ್ದಳು. "ಸಾಕು ನಿಲ್ಸು! ಅತ್ತೆ ಫೋನ್ ಮಾಡೋಕೆ ಹೊರಟಿದ್ರು. ನಾನೇ ಬೇಡ ಅಂದೆ. ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡೆ."

"ಸುಳ್ಳು ಹೇಳ್ಬೇಡ."

"ಸುಳ್ಳಲ್ಲ. ನೀನು ಬಂದಿದ್ರೆ ಆಸ್ಪತ್ರೆ ಪೂರ್ತಿ ಓಡಾಡ್ತಿದ್ದೆ. ನರ್ಸ್ ಹತ್ರ ಜಗಳ ಆಡ್ತಿದ್ದೆ. ನಾನು ನಿನ್ನ ಕೂರಿಸಿ, ಏನೂ ಆಗಿಲ್ಲ ಅಮ್ಮ, ಏನೂ ಆಗಿಲ್ಲ ಅಂತ ಸಮಾಧಾನ ಮಾಡಬೇಕಿತ್ತು. ಅವತ್ತು ನಂಗೆ ಆ ಶಕ್ತಿ ಇರಲಿಲ್ಲ. ನಂಗೆ ಅಳಬೇಕಿತ್ತು, ಅಷ್ಟೇ."

ಬೀಗತಿ ಒಳಗೆ ಹೋಗಿ ಸೊಸೆಯನ್ನು ಮಲಗಿಸಿದರು. ಕಂಡಕ್ಟರಮ್ಮ ಅಂಗಳದಲ್ಲೇ ನಿಂತಳು. ಬಳಿಕ ಕೈಯ ತೇವವನ್ನು ಉಟ್ಟ ಬಟ್ಟೆಗೆ ಒರೆಸಿ, ಗೇಟು ತೆಗೆದು ರಸ್ತೆಗೆ ಬಂದಳು. ಮೊದಲು ಸಿಕ್ಕ ಬಸ್ಸು ಹತ್ತಿದಳು. ಅದು ಎಲ್ಲಿಗೆ ಹೋಗುತ್ತದೆಂದು ನೋಡಲಿಲ್ಲ.

ಜನ ಕಡಿಮೆಯಿದ್ದ ಹೊತ್ತು. ಕಂಡಕ್ಟರ್ ಅವಳ ಪರಿಚಯದವನಲ್ಲ. "ಸೀಟು ಖಾಲಿ ಇದೆಯಲ್ಲಮ್ಮ, ಕೂತ್ಕೊಳ್ಳಿ" ಎಂದ. ಅವಳು ಕೂತಳು. ಕಾಲು ನೆಲದ ಮೇಲೆ ತಾಳ ಹಾಕುತ್ತಲೇ ಇತ್ತು. ಅಂಗೈಯಿಂದ ಮಂಡಿಯನ್ನು ಒತ್ತಿ ಹಿಡಿದಳು. ಮಂಡಿ ನಿಂತರೆ ಬೆರಳು ಶುರು. ಮಗಳ ಮಾತನ್ನು ಸುಳ್ಳೆಂದು ತಳ್ಳಲು ಎಷ್ಟು ಯತ್ನಿಸಿದರೂ, ಹಳೆಯದೆಲ್ಲ ಒಂದೊಂದಾಗಿ ಎದ್ದು ಬಂದು ಮಗಳ ಪಕ್ಷಕ್ಕೇ ಸೇರುತ್ತಿತ್ತು. ಗಂಡ ಸತ್ತಾಗ ಮಗಳು ಇನ್ನೂ ಚಿಕ್ಕ ಕ್ಲಾಸಿನಲ್ಲಿದ್ದಳು. ಆ ದಿನಗಳಲ್ಲಿ ಕಂಡಕ್ಟರಮ್ಮ ಎರಡೆರಡು ಪಾಳಿ ಮಾಡಿ ಮನೆಗೆ ಬಂದು, ಉಜ್ಜಿದ ನೆಲವನ್ನೇ ಉಜ್ಜುತ್ತಿದ್ದಳು. ಪುಟ್ಟ ಮಗಳು ಹಿಂದಿನಿಂದ ಬಂದು ಬಟ್ಟೆ ಹಿಡಿದೆಳೆದು, "ಬಾ ಅಮ್ಮ, ಕೂತ್ಕೋ. ನಾನು ಅಳಲ್ಲ ನೋಡು" ಎನ್ನುತ್ತಿದ್ದಳು. ಎಷ್ಟು ಗಟ್ಟಿ ಹುಡುಗಿ ಎಂದು ಡಿಪೋದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು ತಾನು. ಅಪ್ಪ ಸತ್ತಾಗ ಆ ಮಗು ಅತ್ತದ್ದನ್ನು ತಾನು ನೋಡಿಯೇ ಇಲ್ಲ ಎಂಬುದು ಇವತ್ತು, ಯಾವುದೋ ಬಸ್ಸಿನ ಯಾವುದೋ ಸೀಟಿನಲ್ಲಿ ಅವಳಿಗೆ ಹೊಳೆಯಿತು.

ಕೊನೆಯ ಸ್ಟಾಪಿನಲ್ಲಿ ಇಳಿಯಲಿಲ್ಲ. ಮತ್ತೊಂದು ಟಿಕೆಟ್ಟು ಕೊಂಡು ಅದೇ ಬಸ್ಸಿನಲ್ಲಿ ಹಿಂದಿರುಗಿದಳು.

ಬೀಗತಿ ಅಂಗಳದಲ್ಲಿ ನಿಂಬೆಯ ಬುಡದಲ್ಲಿ ಕೂತಿದ್ದರು. ಬಕೆಟ್ಟು ಕಾಣಲಿಲ್ಲ.

"ಮಲಗಿದಾಳೆ. ನೋವಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳ್ದೆ, ಪರವಾಗಿಲ್ಲ ಅಂದ್ರು" ಎಂದರು, ಅವಳು ಕೇಳುವ ಮೊದಲೇ.

ಅವರ ಎದುರು ಕಂಡಕ್ಟರಮ್ಮ ನೆಲದ ಮೇಲೆ ಕೂತಳು. "ಆಡಬಾರದ್ದು ಆಡಿಬಿಟ್ಟೆ" ಎಂದಳು.

"ಹೂಂ. ಆಡಿದ್ರಿ."

"ಅವಳು ಬೇಡ ಅಂದಳು ಅಂತ ನೀವು ಒಂದು ಮಾತು ಹೇಳಬಹುದಿತ್ತಲ್ಲ. ವರ್ಷ ಪೂರ್ತಿ ನನ್ನ ಮುಸುಡಿ ನೋಡ್ಕೊಂಡು ಸುಮ್ನಿದ್ರಲ್ಲ?"

ಬೀಗತಿ ಮಣ್ಣು ಕೆದಕಿದರು. "ಎಷ್ಟು ಜನರ ಮಾತು ಈ ಕಿವೀಲಿ ಬಿದ್ದಿದೆ. ಸಾವು, ಜಗಳ, ಮದುವೆ ಮುರಿದದ್ದು. ಇವರದ್ದು ಅವರಿಗೆ ದಾಟಿಸಿದೋಳಲ್ಲ ನಾನು" ಎಂದರು. ಆಮೇಲೆ ದನಿ ಸ್ವಲ್ಪ ಏರಿತು. "ಆದ್ರೆ ಒಂದು ಹೇಳ್ತೀನಿ. ಸಿಟ್ಟು ನಂಗೂ ಇದೆ. ನಂದೂ ಮೊಮ್ಮಗು ಹೋಗಿದ್ದು. ನಾನು ಯಾರ ಹತ್ರ ಕಿರುಚಲಿ?"

ಇಬ್ಬರೂ ಕೂತೇ ಇದ್ದರು. ಕಾಮಕಸ್ತೂರಿಯ ಕಡೆಯಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು.

"ಗಿಡ ಬಿಟ್ಟುಕೊಡೋಕೆ ಆಗಲ್ಲ ನಂಗೆ" ಎಂದರು ಬೀಗತಿ ಕೊನೆಗೆ. "ಅವರು ನೆಟ್ಟದ್ದು. ಕಿಟಕಿ ಕಡೆ ಕೊಂಬೆ ಬಿಡ್ತೀನಿ. ಅದರಲ್ಲಿ ಏನು ಬೇಕಾದ್ರೂ ತಿನ್ಕೊಳ್ಳಲಿ. ಉಳಿದದ್ದು ನಂದು."

"ಆಯ್ತು."

"ಬೇರೆ ಕೊಂಬೇಲಿ ಸಿಕ್ಕಿದ್ದನ್ನ ಬಕೆಟ್ಟಿಗೆ ಹಾಕಲ್ಲ. ತಂದು ಆ ಕೊಂಬೆಗೇ ಬಿಡ್ತೀನಿ. ಸರಿಯಾ?"

"ಸರಿ" ಎಂದಳು ಕಂಡಕ್ಟರಮ್ಮ. ಜೀವನದಲ್ಲಿ ಅವಳು ಇಷ್ಟು ಬೇಗ ಚೌಕಾಸಿ ಬಿಟ್ಟುಕೊಟ್ಟದ್ದಿಲ್ಲ.

ಸಂಜೆ ಮಗಳು ಎದ್ದಾಗ ತಾಯಿ ಬಾಗಿಲಲ್ಲೇ ನಿಂತು ಕೇಳಿದಳು. "ನಾನು ಹೋಗಿಬಿಡ್ಲಾ? ಡ್ಯೂಟಿಗೆ ಸೇರ್ಕೊಂಡು, ರಜೆ ದಿನ ಬಂದು ಹೋಗ್ಲಾ? ಬೇಜಾರಿಲ್ಲದೆ ಕೇಳ್ತಿದೀನಿ."

"ಬೇಜಾರಿಂದಲೇ ಕೇಳ್ತಿದೀಯ" ಎಂದಳು ಮಗಳು. ಕಣ್ಣು ಊದಿತ್ತು. "ಹೋಗ್ಬೇಡ. ಆದ್ರೆ ನಾನು ಅತ್ತರೆ ಅಳೋಕೆ ಬಿಡು. ನೀರು ತರಬೇಡ. ಫ್ಯಾನು ಹಾಕಬೇಡ."

ಅದೇ ದೊಡ್ಡ ಶಿಕ್ಷೆಯಾಯಿತು. ಆಮೇಲಿನ ದಿನಗಳಲ್ಲಿ ಮಗಳು ನಡುನಡುವೆ, ಕಾರಣ ಹೇಳದೆ, ಕಣ್ಣೀರು ಹಾಕುತ್ತಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ತಾಯಿ ಸ್ಟೂಲಿನ ಎರಡೂ ಅಂಚು ಹಿಡಿದುಕೊಂಡು, ತುಟಿ ಕಚ್ಚಿ, ಮುಳ್ಳಿನ ಮೇಲೆ ಕೂತವಳಂತೆ ಕೂತಿರುತ್ತಿದ್ದಳು. ಅವಳಿಗೆ ಅದು ಎಂದೂ ಸಲೀಸಾಗಲಿಲ್ಲ. ಕಾಲು ಕುಣಿಯುತ್ತಲೇ ಇತ್ತು. ಒಮ್ಮೊಮ್ಮೆ ತಡೆಯಲಾರದೆ ಎದ್ದು ಅಂಗಳಕ್ಕೆ ಓಡಿ, ಬೆಳೆಯದ ಕಳೆಯನ್ನು ಕೀಳುತ್ತಿದ್ದಳು.

ಬೀಗತಿ ಮಾತಿಗೆ ತಪ್ಪಲಿಲ್ಲ. ಬೇರೆ ಕೊಂಬೆಯ ಹುಳುಗಳನ್ನು ಎಲೆ ಸಮೇತ ಚಿವುಟಿ ತಂದು ಕಿಟಕಿಯ ಕೊಂಬೆಗೆ ಬಿಡುತ್ತಿದ್ದರು. ಅಷ್ಟೂ ಉಳಿಯಲಿಲ್ಲ, ಹಕ್ಕಿ ಹೊಡೆದವು ಕೆಲವು, ತಾವಾಗಿ ಕರಗಿದವು ಕೆಲವು. ಒಂದು ಮಾತ್ರ ನಡುವಿಗೆ ನೂಲು ಕಟ್ಟಿಕೊಂಡು ಕಡ್ಡಿಗೆ ಒರಗಿ ಕೋಶವಾಯಿತು. ಅದು ಒಡೆಯುವುದನ್ನು ಯಾರೂ ನೋಡಲಿಲ್ಲ. ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂದು ಎಲ್ಲರೂ ಆಸ್ಪತ್ರೆಗೆ ಓಡಿದ್ದರು. ಅಳಿಯ ಬಟ್ಟೆ ತರಲು ಮನೆಗೆ ಬಂದಾಗ ನೋಡಿದರೆ, ಗಾಜಿನ ಸಿಪ್ಪೆಯಂಥ ಒಂದು ಪೊರೆ ಕಡ್ಡಿಗೆ ನೇತಾಡುತ್ತಿತ್ತಂತೆ.

ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಅಂಗೈಯಗಲದ ಮುಖ, ಬೆಕ್ಕಿನ ಮರಿಯಷ್ಟು ದನಿ. ಉಸಿರಾಟ ಸರಿಹೋಗುವ ತನಕ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಂಡಕ್ಟರಮ್ಮ ಆಸ್ಪತ್ರೆಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದಳೋ ಲೆಕ್ಕವಿಲ್ಲ. ಆದರೆ ಮಗಳ ವಾರ್ಡಿನ ಬಾಗಿಲು ದಾಟುವ ಮೊದಲು ಹೊರಗೆ ನಿಂತು, ಉಸಿರು ಹದಕ್ಕೆ ತಂದುಕೊಂಡು, ನಿಧಾನವಾಗಿ ಒಳಗೆ ಹೋಗುತ್ತಿದ್ದಳು. ಬೀಗತಿ ಗಾಜಿನ ಕೋಣೆಯ ಹೊರಗಿನ ಬೆಂಚು ಬಿಟ್ಟು ಅಲುಗಲಿಲ್ಲ. ಅಳಿಯ ಅಲ್ಲಿನ ಎಸಿಯ ಸದ್ದು ಸರಿಯಿಲ್ಲವೆಂದು ತಲೆಕೆಡಿಸಿಕೊಂಡು, ಕೊನೆಗೆ ತಾನೇ ಹತ್ತಿ ನೋಡಿಬಿಡಲೇ ಎಂದು ಕೇಳಿ ಬೈಸಿಕೊಂಡ.

ಮಗುವನ್ನು ಮನೆಗೆ ತರುವ ಹೊತ್ತಿಗೆ ಅಂಗಳ ಅಂಗಳವಾಗಿರಲಿಲ್ಲ. ನೀರು ಕಾಣದ ಝಿನಿಯಾ ಅರ್ಧ ಒಣಗಿತ್ತು. ಸಬ್ಬಸಿಗೆ ಬೀಜವಾಗಿ ಬಾಗಿತ್ತು. ಕಾಮಕಸ್ತೂರಿ ಮಾತ್ರ ಯಾರ ಹಂಗೂ ಇಲ್ಲದೆ ದಾರಿಯ ತನಕ ಕಾಲು ಚಾಚಿತ್ತು. ಕಂಡಕ್ಟರಮ್ಮನ ರಜೆಯೂ ಮುಗಿಯುತ್ತ ಬಂದಿತ್ತು. ಹೊರಡುವ ಮೊದಲು ಎಲ್ಲವನ್ನೂ ಸರಿಮಾಡಿಬಿಡಬೇಕೆಂದು ಒಂದು ಬೆಳಗ್ಗೆ ಗುದ್ದಲಿ ಹಿಡಿದಳು.

ಮಗಳು ಗೋಡೆ ಹಿಡಿದುಕೊಂಡು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೊರಗೆ ಬಂದಳು. ಇಷ್ಟು ತಿಂಗಳು ಮಲಗಿ ನೋಡಿದ ಅಂಗಳದಲ್ಲಿ ಅವಳು ಕಾಲಿಟ್ಟದ್ದು ಅಂದೇ. ಸುತ್ತ ನೋಡಿ, "ಅಮ್ಮ, ಇಲ್ಲಿ ಹಗ್ಗ ಕಟ್ಟಬೇಕು" ಎಂದಳು.

"ಹಗ್ಗ?"

"ಪಾಪು ಬಟ್ಟೆಗೆ. ಹಿತ್ತಲಲ್ಲಿ ಒಣಗೋದೇ ಇಲ್ಲ. ಬಿಸಿಲು ಬೀಳೋದು ಇಲ್ಲೊಂದೇ."

ಹಗ್ಗ ಹಾಯಬೇಕಾದದ್ದು ನಟ್ಟನಡು ಹೂವಿನ ಸಾಲಿನ ಮೇಲೆ. ಕಂಡಕ್ಟರಮ್ಮನ ನಾಲಗೆಯ ತುದಿಗೆ ಹತ್ತು ಮಾತು ಬಂದವು. ಮಾಳಿಗೆಯಲ್ಲಿ ಕಟ್ಟಬಹುದು, ತಾನು ಹತ್ತಿ ಒಣಹಾಕಿ ಕೊಡಬಹುದು, ಇನ್ನೂ ಒಂದು ವಾರ ರಜೆ ಕೇಳಬಹುದು. ಗುದ್ದಲಿಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಯಾವುದು ತೆಗೀಲಿ?" ಎಂದಳು.

ಮಗಳು ಯೋಚಿಸಿದಳು. "ಆ ನೀಲಿಯದು ಕಿತ್ತುಬಿಡು. ಚೆಂದಕ್ಕೆ ಇದೆ ಅಷ್ಟೇ, ಅದರ ಹತ್ರ ಯಾರೂ ಬರೋದಿಲ್ಲ. ಝಿನಿಯಾ ಕೆಂಪು ಇರಲಿ, ಬಿಳಿ ಬೇಡ. ಬಿಳಿಗೆ ಬಂದದ್ದು ನಾನು ನೋಡಿಲ್ಲ. ಕಾಸ್ಮಾಸ್ ಗೇಟಿನ ಹತ್ರ ಹಾಕು. ಸಬ್ಬಸಿಗೆ ಬೀಜ ಗೋಡೆ ಬುಡಕ್ಕೆ ಉದುರಿಸು, ತಾನೇ ಬರುತ್ತೆ." ಇಷ್ಟು ಹೇಳುವಷ್ಟರಲ್ಲಿ ದಣಿದು ಮೆಟ್ಟಿಲ ಮೇಲೆ ಕೂತಳು.

ಕಂಡಕ್ಟರಮ್ಮ ಹೇಳಿದ್ದನ್ನು ಕಿತ್ತಳು, ಹೇಳಿದಲ್ಲಿ ನೆಟ್ಟಳು. ಅಳಿಯ ಮೊಳೆ ಹೊಡೆದು ಹಗ್ಗ ಬಿಗಿದ. ಬೀಗತಿ ಬಕೆಟ್ಟು ತಂದು ಪುಟ್ಟ ಪುಟ್ಟ ಬಟ್ಟೆಗಳನ್ನು ಸಾಲಾಗಿ ಹರವಿದರು. ಜೇನ್ನೊಣವೊಂದು ಗಿಡ ಕಿತ್ತ ಜಾಗದ ಮೇಲೆ ಸುತ್ತಿ ಸುತ್ತಿ, ನೆಲದ ತನಕ ಇಳಿದು, ಮತ್ತೆ ಮೇಲೇರಿ ಹುಡುಕುತ್ತಿತ್ತು. ಅಳಿಯ ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಅಮ್ಮ, ಒಳಗೆ ತಗೊಂಡು ಹೋಗೋ ಮುಂಚೆ ಪ್ರತಿಯೊಂದನ್ನೂ ಚೆನ್ನಾಗಿ ಕೊಡವು" ಎಂದ.

ಒಳಗೆ ಮಗು ಅತ್ತಿತು. ಕಂಡಕ್ಟರಮ್ಮನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಮೆಟ್ಟಿಲಿನಲ್ಲಿದ್ದ ಮಗಳು ಕಂಬ ಹಿಡಿದು ಎದ್ದು, ನಿಧಾನವಾಗಿ ತಾನೇ ಒಳಗೆ ನಡೆದಳು. ಅಳು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಕಂಡಕ್ಟರಮ್ಮ ಅಲ್ಲೇ ನಿಂತಿದ್ದಳು. ಆಮೇಲೆ, ನೆಡಲು ಗಿಡ ಯಾವುದೂ ಉಳಿದಿರಲಿಲ್ಲವಾದರೂ, ಕೈ ಸುಮ್ಮನಿರದೆ ಇನ್ನೊಂದು ಗುಂಡಿ ತೋಡಿದಳು.